ಮನೆಯ ವಿಡಿಯೊ ಆಟದ ಯಂತ್ರವು ಕೈಯಂತ್ರವಾಗುವ ಬಗೆ

ಟೆಲಿವಿಷನ್ ಪರದೆಯ ಮೇಲೆ ಆಡುವ ವಿಡಿಯೊ ಆಟದ ಯಂತ್ರವು, ಅಂದರೆ ಕನ್ಸೋಲ್ ಎಂದು ಕರೆಯಲ್ಪಡುವ ಸಾಧನವು, ಎರಡು ಬಂಧನಗಳಿಗೆ ಒಳಪಟ್ಟುದು. ಒಂದು ತಂತಿ ಅದನ್ನು ಗೋಡೆಯ ವಿದ್ಯುತ್ತಿಗೂ ಇನ್ನೊಂದು ತಂತಿ ಅದನ್ನು ಟೆಲಿವಿಷನ್ನಿಗೂ ಕಟ್ಟಿಹಾಕಿರುತ್ತವೆ. ಈ ಎರಡು ತಂತಿಗಳನ್ನೂ ಕಳಚಿ, ಅದೇ ಯಂತ್ರವನ್ನು ಕೈಯಲ್ಲಿ ಹಿಡಿದು ಎಲ್ಲಿ ಬೇಕಾದರೂ ಆಡುವಂತೆ ಮಾರ್ಪಡಿಸುವ ಕಸಬೊಂದು ಕಳೆದ ಕಾಲು ಶತಮಾನದಲ್ಲಿ ಹವ್ಯಾಸಿಗಳ ನಡುವೆ ಬೆಳೆದು ಬಂದಿದೆ. ಹೊರನೋಟಕ್ಕೆ ಇದು ಮಕ್ಕಳಾಟವೆಂದು ತೋರಬಹುದು. ಆದರೆ ವಿದ್ಯುತ್ತಿನ ವ್ಯಯ, ಶಾಖದ ವಿಸರ್ಜನೆ, ಚಿತ್ರಸಂಕೇತದ ಸಾಗಣೆ ಮೊದಲಾದ ಮೂಲತತ್ತ್ವಗಳನ್ನು ಇದರಷ್ಟು ಪ್ರತ್ಯಕ್ಷವಾಗಿ ಕಲಿಸುವ ಅಭ್ಯಾಸಗಳು ವಿರಳ. ಆ ತತ್ತ್ವಗಳನ್ನು ಸಾಮಾನ್ಯ ಓದುಗರಿಗೆ ತಿಳಿಯುವಂತೆ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಕೆಲಸವೆಂದರೆ ದೊಡ್ಡದನ್ನು ಚಿಕ್ಕದು ಮಾಡುವುದು ಎಂಬ ಭಾವನೆ ಸಾಮಾನ್ಯವಾಗಿದೆ. ಇದು ಪೂರ್ಣ ಸತ್ಯವಲ್ಲ. ಯಂತ್ರದ ತಿರುಳಾದ ಚಿಪ್‌ಗಳನ್ನು ಯಾವ ಹವ್ಯಾಸಿಯೂ ಕುಗ್ಗಿಸಲಾರನು. ಕುಗ್ಗಿಸುವ ಅಗತ್ಯವೂ ಇಲ್ಲ. 1977ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಅಟಾರಿ 2600 ಎಂಬ ಯಂತ್ರವನ್ನೇ ನೋಡೋಣ. ಅದರ ಒಳಗೆ ಮುಖ್ಯವಾದ ಚಿಪ್‌ಗಳು ಮೂರೇ ಮೂರು. ಲೆಕ್ಕ ಮಾಡುವ 6507 ಎಂಬ ಪ್ರೊಸೆಸರ್ ಒಂದು. ಚಿತ್ರವನ್ನೂ ಧ್ವನಿಯನ್ನೂ ಉತ್ಪಾದಿಸುವ ಟಿ.ಐ.ಎ. ಎಂಬುದು ಇನ್ನೊಂದು, 128 ಬೈಟ್‌ಗಳಷ್ಟು ಮೆಮೊರಿಯನ್ನು ಹೊಂದಿ, ಸ್ವಿಚ್ಚುಗಳ ಸ್ಥಿತಿಯನ್ನು ಗಮನಿಸುವ 6532 ಎಂಬುದು ಮೂರನೆಯದು. ಈ ಮೂರೂ ಒಂದು ಅಂಗೈಯಲ್ಲಿ ಹಿಡಿಸುತ್ತವೆ. ಪೆಟ್ಟಿಗೆಯ ಉಳಿದ ಭಾಗವೆಲ್ಲ ಲೋಹದ ಕವಚ, ದೊಡ್ಡ ಸ್ವಿಚ್ಚುಗಳು, ಹೊರಗಿನ ತಂತಿಗಳನ್ನು ಸಿಕ್ಕಿಸುವ ಕಿಂಡಿಗಳು ಮತ್ತು ಬರಿಯ ಗಾಳಿ. ಆದುದರಿಂದ ಇಲ್ಲಿ ಬೇಕಾದುದು ಬೇಕಾದ ಭಾಗವನ್ನು ಬೇಡವಾದ ಭಾಗದಿಂದ ಬೇರ್ಪಡಿಸುವ ವಿವೇಕ. ಕೈಚಳಕವು ಅದರ ನಂತರದ ಮಾತು.

ತಯಾರಕರೇ ಈ ದಿಕ್ಕಿನಲ್ಲಿ ಮೊದಲು ಪ್ರಯತ್ನಿಸಿದ್ದುಂಟು. ಜಪಾನಿನ ಎನ್.ಇ.ಸಿ. ಸಂಸ್ಥೆಯು ತನ್ನ ಗೃಹಯಂತ್ರದ ಆಟಗಳನ್ನೇ ಆಡಬಲ್ಲ ಟರ್ಬೊಎಕ್ಸ್‌ಪ್ರೆಸ್ ಎಂಬ ಕೈಯಂತ್ರವನ್ನು 1990ರಲ್ಲಿಯೂ, ಸೆಗಾ ಸಂಸ್ಥೆಯು ನೋಮ್ಯಾಡ್ ಎಂಬುದನ್ನು 1995ರಲ್ಲಿಯೂ ಹೊರತಂದವು. ನೋಮ್ಯಾಡ್ ಯಂತ್ರಕ್ಕೆ ಎ.ಎ. ಗಾತ್ರದ ಆರು ಸೆಲ್‌ಗಳು ಬೇಕಾಗಿದ್ದವು. ಅವು ಎರಡು ಮೂರು ಗಂಟೆಗಳಲ್ಲಿ ಬರಿದಾಗುತ್ತಿದ್ದವು. ಹವ್ಯಾಸಿಗಳ ಪೈಕಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಬೆಂಜಮಿನ್ ಹೆಕೆನ್‌ಡಾರ್ನ್ ಅವರು 2000ದಲ್ಲಿ ಅಟಾರಿ 2600ನ್ನು ಕೈಯಂತ್ರವನ್ನಾಗಿ ಮಾಡಿ ಪ್ರಸಿದ್ಧರಾದರು. ಈ ವಿದ್ಯೆಯನ್ನು ಹಂತಹಂತವಾಗಿ ತಿಳಿಸುವ ಅವರ ಪುಸ್ತಕವು 2005ರಲ್ಲಿ ಪ್ರಕಟವಾಯಿತು. ಅಲ್ಲಿಂದ ಈಚೆಗೆ ನಿಂಟೆಂಡೊ 64, ಗೇಮ್‌ಕ್ಯೂಬ್, ವೀ ಮೊದಲಾದ ಯಂತ್ರಗಳೆಲ್ಲ ಈ ಪ್ರಯೋಗಕ್ಕೆ ಒಳಗಾಗಿವೆ.

ಈಗ ಕೆಲಸದ ಕ್ರಮವನ್ನು ಪರಿಶೀಲಿಸೋಣ. ಮೊದಲನೆಯ ಪ್ರಶ್ನೆ ವಿದ್ಯುತ್ತಿನದು. ಅಟಾರಿ ಯಂತ್ರದ ಅಡಾಪ್ಟರು 9 ವೋಲ್ಟ್ ನೀಡುತ್ತದೆ. ಆದರೆ ಒಳಗಿನ ಚಿಪ್‌ಗಳು ಬಯಸುವುದು 5 ವೋಲ್ಟ್ ಮಾತ್ರ. ಇವೆರಡರ ನಡುವೆ 7805 ಎಂಬ ನಿಯಂತ್ರಕವಿದ್ದು, ಹೆಚ್ಚಾದ 4 ವೋಲ್ಟನ್ನು ಅದು ಶಾಖವಾಗಿ ಸುಟ್ಟುಬಿಡುತ್ತದೆ. ಒಟ್ಟು ಶಕ್ತಿಯಲ್ಲಿ ನೂರಕ್ಕೆ ಸುಮಾರು 44 ಭಾಗ ಹೀಗೆ ವ್ಯರ್ಥವಾಗುವುದು. ಗೋಡೆಯ ವಿದ್ಯುತ್ತಿಗೆ ಮಿತಿಯಿಲ್ಲವಾದ್ದರಿಂದ ಮನೆಯಲ್ಲಿ ಈ ನಷ್ಟವು ಯಾರ ಗಮನಕ್ಕೂ ಬರುವುದಿಲ್ಲ; ಸೆಲ್‌ಗಳ ಮೇಲೆ ನಡೆಯುವ ಯಂತ್ರಕ್ಕಾದರೋ ಅದೇ ಪ್ರಾಣಸಂಕಟ. ಆದುದರಿಂದ ಹಳೆಯ ನಿಯಂತ್ರಕವನ್ನು ಕಿತ್ತು, ಸ್ವಿಚಿಂಗ್ ನಿಯಂತ್ರಕವೆಂಬ ಹೊಸ ಬಗೆಯದನ್ನು ಅದರ ಸ್ಥಾನದಲ್ಲಿ ಕೂರಿಸುತ್ತಾರೆ. ಇದು ಸೆಕೆಂಡಿಗೆ ಲಕ್ಷಾಂತರ ಬಾರಿ ವಿದ್ಯುತ್ತನ್ನು ಬಿಟ್ಟು ಹಿಡಿದು, ಒಂದು ಸುರುಳಿಯ ಮೂಲಕ ಹಾಯಿಸಿ, ನೂರಕ್ಕೆ ತೊಂಬತ್ತರಷ್ಟು ಶಕ್ತಿಯನ್ನು ಉಪಯೋಗಕ್ಕೆ ಒದಗಿಸಬಲ್ಲುದು.

ಲೆಕ್ಕವನ್ನು ಒಂದು ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. ತಲಾ 3.7 ವೋಲ್ಟ್ ಮತ್ತು 2.5 ಆಂಪಿಯರ್ ಗಂಟೆಯ ಎರಡು ಲಿಥಿಯಂ ಸೆಲ್‌ಗಳಲ್ಲಿ ಒಟ್ಟು 18.5 ವ್ಯಾಟ್ ಗಂಟೆಯಷ್ಟು ಶಕ್ತಿಯಿರುತ್ತದೆ. ಯಂತ್ರವು 6 ವ್ಯಾಟನ್ನೂ ಪರದೆಯು 2 ವ್ಯಾಟನ್ನೂ ಬಳಸುತ್ತವೆಯೆಂದು ಇಟ್ಟುಕೊಳ್ಳೋಣ. ನಿಯಂತ್ರಕದ ನಷ್ಟವೂ ಸೇರಿ ಸೆಲ್‌ಗಳ ಮೇಲೆ ಬೀಳುವ ಹೊರೆ 9 ವ್ಯಾಟಿನ ಸಮೀಪಕ್ಕೆ ಬರುವುದು. ಆದಕಾರಣ ಆಟವು ಸುಮಾರು ಎರಡು ಗಂಟೆ ನಡೆಯಬಹುದು. ಸೆಲ್‌ಗಳನ್ನು ನಾಲ್ಕು ಮಾಡಿದರೆ ಅವಧಿಯು ಇಮ್ಮಡಿಯಾಗುತ್ತದೆ. ಅದರೊಡನೆ ತೂಕವೂ ಗಾತ್ರವೂ ಏರುತ್ತವೆ. ಕೈಯಂತ್ರದ ನಿರ್ಮಾಣವೆಲ್ಲ ಈ ಕೊಡುಕೊಳ್ಳುವಿಕೆಯ ಮೇಲೆ ನಿಂತಿದೆ.

ಎರಡನೆಯದು ಚಿತ್ರದ ಪ್ರಶ್ನೆ. ಹಳೆಯ ಯಂತ್ರಗಳು ತಮ್ಮ ಚಿತ್ರವನ್ನು ಟೆಲಿವಿಷನ್ನಿನ ಆಂಟೆನಾ ಕಿಂಡಿಯ ಮೂಲಕ ಕಳುಹಿಸಬೇಕಾಗಿದ್ದುದರಿಂದ, ಅದನ್ನು ಪ್ರಸಾರ ಕೇಂದ್ರದ ಅಲೆಯಂತೆ ಮಾರ್ಪಡಿಸುವ ಮಾಡ್ಯುಲೇಟರ್ ಎಂಬ ಭಾಗವನ್ನು ಒಳಗೊಂಡಿದ್ದವು. ಟೆಲಿವಿಷನ್ ಆ ಅಲೆಯನ್ನು ಮತ್ತೆ ಬಿಡಿಸಿ ಚಿತ್ರವನ್ನಾಗಿ ಮಾಡುತ್ತಿದ್ದಿತು. ಪರದೆಯು ಯಂತ್ರದ ಮೈಗೇ ಅಂಟಿಕೊಂಡಿರುವಾಗ ಈ ಬಳಸುದಾರಿ ಅನಾವಶ್ಯಕ. ಮಾಡ್ಯುಲೇಟರಿನ ಮೊದಲೇ ಸಂಕೇತವನ್ನು ಹಿಡಿದು ನೇರವಾಗಿ ಪರದೆಗೆ ಕೊಟ್ಟರೆ ಚಿತ್ರವೂ ಹೆಚ್ಚು ಸ್ವಚ್ಛವಾಗುವುದು. ಕಾರನ್ನು ಹಿಂದಕ್ಕೆ ಚಲಿಸುವಾಗ ನೋಡಲೆಂದು ಮಾರುವ ಚಿಕ್ಕ ಪರದೆಗಳು ಈ ಕೆಲಸಕ್ಕೆ ಬಹಳ ಅನುಕೂಲ. ಆದರೆ ಅಮೆರಿಕ ಮತ್ತು ಜಪಾನಿನ ಯಂತ್ರಗಳ ಎನ್.ಟಿ.ಎಸ್.ಸಿ. ಪದ್ಧತಿಗೂ ನಮ್ಮ ದೇಶವು ಅನುಸರಿಸಿದ ಪಾಲ್ ಪದ್ಧತಿಗೂ ವ್ಯತ್ಯಾಸವಿರುವುದರಿಂದ, ಪರದೆಯು ಯಂತ್ರದ ಪದ್ಧತಿಯನ್ನು ಗ್ರಹಿಸಬಲ್ಲುದೇ ಎಂಬುದನ್ನು ಮೊದಲೇ ವಿಚಾರಿಸತಕ್ಕದ್ದು.

ಮೂರನೆಯ ಮತ್ತು ಅತ್ಯಂತ ಕಠಿನವಾದ ಪ್ರಶ್ನೆ ಬೋರ್ಡನ್ನು ಕತ್ತರಿಸುವುದು. ಅಟಾರಿಯಂಥ ನಿಧಾನಗತಿಯ ಯಂತ್ರದಲ್ಲಿ ಒಂದು ಭಾಗವನ್ನು ಕಿತ್ತು, ಗೇಣುದ್ದದ ತಂತಿಯಿಂದ ಇನ್ನೊಂದು ಕಡೆಗೆ ಜೋಡಿಸಿದರೂ ನಡೆದೀತು. ಆಟದ ಕಾರ್ಟ್ರಿಜ್ ಸಿಕ್ಕಿಸುವ 24 ಸಂಪರ್ಕಗಳ ಕಿಂಡಿಯನ್ನು ಹಾಗೆ ಸ್ಥಳಾಂತರಿಸುವುದುಂಟು. 1996ರ ನಿಂಟೆಂಡೊ 64 ಯಂತ್ರದಲ್ಲಿ ಪರಿಸ್ಥಿತಿ ಬೇರೆ. ಅದರ 50 ಸಂಪರ್ಕಗಳ ಕಿಂಡಿಯನ್ನು ತಂತಿಗಳಿಂದ ಸರಿಸಬಹುದಾದರೂ, ಪ್ರೊಸೆಸರಿಗೂ ಮೆಮೊರಿಗೂ ನಡುವೆ ಒಂದೊಂದು ಎಳೆಯಲ್ಲಿಯೂ ಸಂಕೇತಗಳು ಸೆಕೆಂಡಿಗೆ 50 ಕೋಟಿ ಬಾರಿ ಹರಿಯುತ್ತಿರುತ್ತವೆ. ಆ ದಾರಿಯ ಉದ್ದವು ಸ್ವಲ್ಪ ಬದಲಾದರೂ ಸಂಕೇತಗಳ ಕಾಲ ತಪ್ಪಿ ಯಂತ್ರವು ಸ್ತಬ್ಧವಾಗುವುದು. ಆದಕಾರಣ ಆ ಭಾಗವನ್ನು ಮುಟ್ಟಕೂಡದು.

2006ರ ವೀ ಯಂತ್ರದಲ್ಲಿ ಹವ್ಯಾಸಿಗಳು ಇನ್ನೂ ಮುಂದೆ ಹೋಗಿದ್ದಾರೆ. ಪ್ರೊಸೆಸರ್, ಚಿತ್ರದ ಚಿಪ್, ಮೆಮೊರಿ ಮೊದಲಾದ ತಿರುಳಿನ ಭಾಗವನ್ನು ಉಳಿಸಿಕೊಂಡು, ಸುತ್ತಲಿನ ಬೋರ್ಡನ್ನು ಕೊರೆದು ತೆಗೆಯುತ್ತಾರೆ. ಡಿಸ್ಕ್ ಓದುವ ಭಾಗವನ್ನು ಬಿಟ್ಟು, ಆಟಗಳನ್ನು ಯು.ಎಸ್.ಬಿ. ಸಂಗ್ರಹದಿಂದ ನಡೆಸುತ್ತಾರೆ. ಕತ್ತರಿಸುವುದರೊಡನೆ ಮೂಲ ನಿಯಂತ್ರಕಗಳೂ ಹೋಗುವುದರಿಂದ 1, 1.15, 1.8 ಮತ್ತು 3.3 ವೋಲ್ಟುಗಳನ್ನು ಹೊರಗಿನಿಂದ ಒದಗಿಸಬೇಕಾಗುತ್ತದೆ. ಇಂಥ ಬೋರ್ಡು ಒಂದರ ಮೇಲೊಂದು ಅಡಕವಾದ ಹಲವು ತಾಮ್ರದ ಪದರಗಳಿಂದ ಕೂಡಿದುದು. ಗರಗಸವು ಹಾದುಹೋದ ಅಂಚಿನಲ್ಲಿ ಒಂದು ಪದರದ ತಾಮ್ರವು ಇನ್ನೊಂದನ್ನು ತಾಗಿದರೆ ಸಾಕು, ವಿದ್ಯುತ್ತು ಅಡ್ಡದಾರಿ ಹಿಡಿದು ಯಂತ್ರವು ನಾಶವಾಗಬಹುದು. ಇದಕ್ಕಾಗಿ ಅಂಚನ್ನು ನಯವಾದ ಉಜ್ಜುಕಾಗದದಿಂದ ಬಹಳ ಹೊತ್ತು ತಿಕ್ಕಿ, ಪದರಗಳು ಪರಸ್ಪರ ಸೇರಿಲ್ಲವೆಂಬುದನ್ನು ಮೀಟರಿನಿಂದ ಪರೀಕ್ಷಿಸಿದ ಮೇಲೆಯೇ ವಿದ್ಯುತ್ತನ್ನು ಹಾಯಿಸುವುದು ಕ್ರಮ.

ಬೋರ್ಡು ಚಿಕ್ಕದಾದ ಮಾತ್ರಕ್ಕೆ ಶಾಖವು ಕಡಿಮೆಯಾಗುವುದಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ದೊಡ್ಡ ಪೆಟ್ಟಿಗೆಯಲ್ಲಿ ಹರಡಿಹೋಗುತ್ತಿದ್ದ ಶಾಖವು ಈಗ ಬೊಗಸೆಯಷ್ಟು ಜಾಗದಲ್ಲಿ ಕೂಡಿಕೊಳ್ಳುತ್ತದೆ. ಹಾಗಾಗಿ ಲೋಹದ ಶಾಖಹಾರಿಗೂ ಪುಟ್ಟ ಫ್ಯಾನಿಗೂ ಗಾಳಿಯ ದಾರಿಗೂ ಸ್ಥಳವನ್ನು ಮೊದಲೇ ಕಾದಿರಿಸಬೇಕು.

ಸುರಕ್ಷತೆಯ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳುವುದು ಅವಶ್ಯಕ. ಲಿಥಿಯಂ ಸೆಲ್ ಚಿಕ್ಕದಾದರೂ ಅಪಾಯಕಾರಿಯಾದ ವಸ್ತು. ಸಾಮಾನ್ಯ ಬಗೆಯ ಸೆಲ್ಲಿಗೆ 4.2 ವೋಲ್ಟಿಗಿಂತ ಹೆಚ್ಚಾಗಿ ವಿದ್ಯುತ್ತನ್ನು ತುಂಬಿದರೆ, ಅಥವಾ ಅದರ ಎರಡು ಧ್ರುವಗಳು ನೇರವಾಗಿ ಕೂಡಿದರೆ, ಅದು ಬೆಂಕಿ ಹೊತ್ತಿಕೊಳ್ಳುವ ಸಂಭವವುಂಟು. ರಕ್ಷಣಾ ಸರ್ಕ್ಯೂಟು ಇಲ್ಲದೆ ಅದನ್ನು ಬಳಸಲೇಬಾರದು. ಅದರ ಮೈಗೆ ನೇರವಾಗಿ ಬೆಸುಗೆ ಹಾಕುವುದೂ ತಪ್ಪು. ಪಟ್ಟಿಗಳನ್ನು ಮೊದಲೇ ಕೂಡಿಸಿದ ಸೆಲ್‌ಗಳನ್ನೇ ಕೊಳ್ಳುವುದು ಉತ್ತಮ. ಕೈಯಲ್ಲಿ ಹಿಡಿದು, ಅನೇಕ ವೇಳೆ ಮಕ್ಕಳ ವಶಕ್ಕೆ ಕೊಡುವ ಯಂತ್ರದಲ್ಲಿ ಈ ಅಂಶವನ್ನು ಉಪೇಕ್ಷಿಸಿದರೆ ಉಳಿದೆಲ್ಲ ಕೌಶಲವೂ ವ್ಯರ್ಥ.

ಇಷ್ಟೆಲ್ಲ ಶ್ರಮ ಏತಕ್ಕೆ ಎಂಬ ಆಕ್ಷೇಪವು ಸಹಜವಾಗಿದೆ. ಮನೆಯಲ್ಲಿಯೂ ಕೈಯಲ್ಲಿಯೂ ಆಡಬಹುದಾದ ಸ್ವಿಚ್ ಯಂತ್ರವನ್ನು ನಿಂಟೆಂಡೊ ಸಂಸ್ಥೆಯೇ 2017ರಲ್ಲಿ ತಂದಿತು. ಹಳೆಯ ಯಂತ್ರಗಳ ವರ್ತನೆಯನ್ನು ಅನುಕರಿಸುವ ಎಮ್ಯುಲೇಟರ್ ಎಂಬ ತಂತ್ರಾಂಶವು ಸಾಧಾರಣ ಫೋನಿನಲ್ಲಿಯೂ ನಡೆಯುತ್ತದೆ. ಆಡುವುದೊಂದೇ ಗುರಿಯಾದರೆ ಆ ಮಾರ್ಗವೇ ಸುಲಭ. ಆದರೆ ಅನುಕರಣೆಯಲ್ಲಿ ಹಳೆಯ ಯಂತ್ರವು ಇರುವುದಿಲ್ಲ. ಅದರ ನಡತೆಯ ವರ್ಣನೆ ಮಾತ್ರ ಇರುತ್ತದೆ. ಇಲ್ಲಿ ವಿವರಿಸಿದ ಮಾರ್ಗದಲ್ಲಿ ದಶಕಗಳ ಹಿಂದೆ ತಯಾರಾದ ಆ ಚಿಪ್‌ಗಳೇ ಕೆಲಸ ಮಾಡುತ್ತವೆ.

ಈ ಕಾರಣದಿಂದಲೇ ಒಂದು ಕರ್ತವ್ಯವೂ ಹುಟ್ಟುತ್ತದೆ. ಕತ್ತರಿಸಿದ ಬೋರ್ಡು ಮತ್ತೆ ಕೂಡುವುದಿಲ್ಲ. ಇಂಥ ಯಂತ್ರಗಳ ತಯಾರಿಕೆ ನಿಂತು ಎಷ್ಟೋ ಕಾಲವಾಗಿರುವುದರಿಂದ, ಸುಸ್ಥಿತಿಯಲ್ಲಿರುವ ಒಂದನ್ನು ಕತ್ತರಿಸುವುದೆಂದರೆ ಉಳಿದಿರುವ ಸಂಖ್ಯೆಯಲ್ಲಿ ಒಂದನ್ನು ಕಳೆದಂತೆಯೇ ಸರಿ. ಡಿಸ್ಕ್ ಓದದೆ ಮೂಲೆಗೆ ಬಿದ್ದ, ಪೆಟ್ಟಿಗೆ ಒಡೆದ, ಕಿಂಡಿ ಮುರಿದ ಯಂತ್ರಗಳನ್ನು ಆರಿಸಿಕೊಂಡರೆ, ಅದೇ ಕೆಲಸವು ಸತ್ತುದನ್ನು ಬದುಕಿಸಿದಂತಾಗುವುದು.

ಕಲಿಯಬಯಸುವ ತರುಣರು 1990ರ ದಶಕದಲ್ಲಿ ನಮ್ಮ ಮನೆಗಳಲ್ಲಿ 'ಟಿ.ವಿ. ಗೇಮ್' ಎಂಬ ಹೆಸರಿನಿಂದ ಬಳಕೆಯಲ್ಲಿದ್ದ ಅಗ್ಗದ ಯಂತ್ರಗಳಿಂದ ಆರಂಭಿಸಬಹುದು. ನಿಂಟೆಂಡೊ ಸಂಸ್ಥೆಯ 1983ರ ಫ್ಯಾಮಿಕಾಮ್ ಯಂತ್ರದ ಈ ನಕಲುಗಳಲ್ಲಿ ಹಲವು ಒಂದೇ ಚಿಪ್ಪಿನ ಮೇಲೆ ನಡೆಯುವಂಥವು. ಕತ್ತರಿಸುವ ತೊಡಕು ಅಲ್ಲಿ ಅಲ್ಪ, ಕೆಟ್ಟರೆ ನಷ್ಟವೂ ಅಲ್ಪ. ಪರದೆ, ನಿಯಂತ್ರಕ ಮೊದಲಾದ ಬಿಡಿಭಾಗಗಳು ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚಿ ಸ್ಟ್ರೀಟ್, ಬೆಂಗಳೂರಿನ ಎಸ್.ಪಿ. ರಸ್ತೆಗಳ ಅಂಗಡಿಗಳಲ್ಲಿ ದೊರೆಯುವಂಥವು. ಮೊದಲು ಮೀಟರನ್ನು ಹಿಡಿದು ಯಾವ ಎಳೆಯಲ್ಲಿ ಎಷ್ಟು ವೋಲ್ಟ್ ಇದೆಯೆಂಬುದನ್ನು ಕಾಗದದ ಮೇಲೆ ಬರೆದುಕೊಂಡು, ಯಂತ್ರದ ಪ್ರತಿಯೊಂದು ಭಾಗದ ಪ್ರಯೋಜನವನ್ನೂ ಅರಿತು, ಅನಂತರವೇ ಗರಗಸವನ್ನು ಕೈಗೆತ್ತಿಕೊಳ್ಳುವುದು ಲೇಸು.