ಜಾಗಟೆ ಹಿಡಿದವರ ಯಜಮಾನಿಕೆ

ಮಂಗಳೂರಿನ ಸಭಾಭವನಗಳಲ್ಲಿ ಯಕ್ಷಗಾನದ ‘ಗಾನವೈಭವ’ಕ್ಕೆ ಈಗ ಒಳ್ಳೆಯ ಕಾಲ. ವೇಷವಿಲ್ಲ, ಮಾತಿನ ಅರ್ಥಗಾರಿಕೆಯಿಲ್ಲ, ಮೂರು ನಾಲ್ಕು ಮಂದಿ ಭಾಗವತರು ಸಾಲಾಗಿ ಕುಳಿತು ಆಯ್ದ ಪದ್ಯಗಳನ್ನು ಹಾಡುತ್ತಾರೆ, ಆಲಾಪನೆ ಉದ್ದವಾದಷ್ಟೂ ಚಪ್ಪಾಳೆ ಜೋರಾಗುತ್ತದೆ. ಕೇಳುವುದಕ್ಕೆ ಹಿತವಾದ ಕಾರ್ಯಕ್ರಮವೇ. ಆದರೆ ಭಾಗವತರನ್ನು ಸ್ವರದಿಂದಷ್ಟೇ ಅಳೆಯುವ ಅಭ್ಯಾಸ ಇದರಿಂದ ಗಟ್ಟಿಯಾಗುತ್ತಿದೆ, ಮತ್ತು ಆ ಅಳತೆ ತಪ್ಪು. ಯಕ್ಷಗಾನದ ದಕ್ಷಿಣ ಶೈಲಿಯಾದ ತೆಂಕುತಿಟ್ಟಿನ ಭಾಗವತರು ಮೊದಲು ಆಟದ ನಿರ್ದೇಶಕರು, ಆಮೇಲೆ ಗಾಯಕರು. ಹಾಡುವುದು ಅವರು ಆಟವನ್ನು ನಡೆಸುವ ಬಗೆ.

ಇದಕ್ಕೆ ಆಧಾರ ಬೇಕಾದರೆ ಯಾವುದಾದರೂ ಪ್ರಸಂಗದ ಪುಸ್ತಕವನ್ನು ಬಿಡಿಸಿ ನೋಡಬಹುದು. ಪಾರ್ತಿಸುಬ್ಬನ ‘ಪಂಚವಟಿ’ಯನ್ನೇ ತೆಗೆದುಕೊಳ್ಳಿ. ಅದರಲ್ಲಿರುವುದು ಪದ್ಯಗಳು, ತಾಳಕ್ಕೆ ಹಾಡುವ ಪದ್ಯಗಳ ತಲೆಯ ಮೇಲೆ ರಾಗ ಮತ್ತು ತಾಳದ ಹೆಸರು, ಅಷ್ಟೆ. ಸ್ವರಲಿಪಿ ಇಲ್ಲ. ಮಾತುಗಳಿಲ್ಲ, ಅವು ವೇಷಧಾರಿಯ ಬಾಯಲ್ಲಿ ಆ ಹೊತ್ತಿಗೆ ಹುಟ್ಟಬೇಕಾದವು. ಶೂರ್ಪನಖಿ ಎಷ್ಟು ಹೊತ್ತು ಕುಣಿಯಬೇಕು, ಯಾವ ಪದ್ಯಕ್ಕೆ ವಿಳಂಬ, ಯಾವುದಕ್ಕೆ ಏರುನಡೆ, ಯಾವುದನ್ನು ಬಿಟ್ಟರೂ ಕಥೆ ಕೆಡುವುದಿಲ್ಲ ಎಂಬುದು ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ಅದನ್ನೆಲ್ಲ ತೀರ್ಮಾನಿಸುವವರು ರಂಗಸ್ಥಳದ ಹಿಂದೆ ಜಾಗಟೆ ಹಿಡಿದು ಕುಳಿತವರು. ಭಾಮಿನಿ, ಕಂದ, ವಾರ್ಧಕಗಳನ್ನು ತಾಳವಿಲ್ಲದೆ ಬಿಡಿಸಿ ಹೇಳಿ, ಅಲ್ಲಿಂದ ತ್ರಿವುಡೆಗೋ ಝಂಪೆಗೋ ಇಳಿಯುವ ಆ ಒಂದು ಕ್ಷಣದಲ್ಲಿ ಮದ್ದಳೆ, ಚೆಂಡೆ, ಚಕ್ರತಾಳ, ವೇಷಧಾರಿಯ ಕಾಲು ಎಲ್ಲವೂ ಒಟ್ಟಿಗೆ ಬೀಳಬೇಕು. ಸೂಚನೆ ಕೊಡಲು ಅವರಿಗೆ ಬಿಡುವಾದ ಕೈ ಇಲ್ಲ. ಜಾಗಟೆಯ ಪೆಟ್ಟೇ ಸೂಚನೆ. ಮಾತು ಅತಿಯಾಯಿತೆಂದು ಕಂಡರೆ ಮುಂದಿನ ಪದ್ಯವನ್ನು ಎತ್ತಿಬಿಡುತ್ತಾರೆ, ಅರ್ಥಗಾರಿಕೆ ಅಲ್ಲಿಗೆ ನಿಲ್ಲುತ್ತದೆ. ಕಾಲಮಿತಿಯ ಆಟಗಳು ಬಂದ ಮೇಲಂತೂ ಕಥೆಯನ್ನು ಎಲ್ಲಿ ಹಿಗ್ಗಿಸಬೇಕು, ಎಲ್ಲಿ ಕುಗ್ಗಿಸಬೇಕು ಎಂಬ ವಿವೇಚನೆಗೆ ಹಿಂದಿಗಿಂತ ಹೆಚ್ಚಿನ ಬೆಲೆ.

ಹೀಗೆ ಒಳಗಿದ್ದುಕೊಂಡೇ ಮೇಳವನ್ನು ನಡೆಸುವ ಪದ್ಧತಿ ನಮ್ಮ ಕರಾವಳಿಗೆ ಮಾತ್ರ ಸೇರಿದ್ದಲ್ಲ. ಪಾಶ್ಚಾತ್ಯ ಸಂಗೀತವೆಂದರೆ ಎತ್ತರದ ಪೀಠದಲ್ಲಿ ನಿಂತು ಕೋಲು ಬೀಸುವ ಕಂಡಕ್ಟರ್ ನಮ್ಮ ಕಣ್ಣಿಗೆ ಬರುತ್ತಾನೆ. ಅವನು ಸಾಮಾನ್ಯನಾದದ್ದು 19ನೇ ಶತಮಾನದಲ್ಲಿ. ಅದಕ್ಕೂ ಮುಂಚಿನ ಬರೋಕ್ ಕಾಲದಲ್ಲಿ ಒಪೆರಾ ನಡೆಸುವವನು ಬಹುಮಟ್ಟಿಗೆ ಹಾರ್ಪ್ಸಿಕಾರ್ಡ್ ಎಂಬ ಕೀಲಿಮಣೆ ವಾದ್ಯದ ಮುಂದೆ ಕುಳಿತಿರುತ್ತಿದ್ದ. ಲಂಡನ್ನಿನಲ್ಲಿ ಹ್ಯಾಂಡೆಲ್ (1685–1759) ತನ್ನ ಒಪೆರಾಗಳನ್ನು ನಡೆಸಿದ್ದು ಹಾಗೆಯೇ. ಫ್ರಾನ್ಸಿನ ಲುಲ್ಲಿ ಮಾತ್ರ ದೊಡ್ಡ ದಂಡದಿಂದ ನೆಲ ಕುಟ್ಟಿ ತಾಳ ಹಾಕುತ್ತಿದ್ದ. ಹಾಗೆ ಕುಟ್ಟುವಾಗ ಕಾಲಿಗೆ ಪೆಟ್ಟಾಗಿ, ಗಾಯ ಕೊಳೆತು 1687ರಲ್ಲಿ ಸತ್ತ. ಜಾಗಟೆಯಿಂದ ಅಂಥ ಅಪಾಯವಿಲ್ಲ. ಹಾರ್ಪ್ಸಿಕಾರ್ಡ್ ನುಡಿಸುವವನ ಮುಂದಿದ್ದ ಹಾಳೆಯೂ ನಮ್ಮ ಪ್ರಸಂಗ ಪುಸ್ತಕದಂತೆ ಅಪೂರ್ಣವೇ: ಕೆಳಸ್ಥಾಯಿಯ ಒಂದು ಸಾಲು, ಅದರ ಜೊತೆಗೆ ಕೆಲವು ಅಂಕೆಗಳು. ಉಳಿದ ಸ್ವರಗಳನ್ನು ಅವನು ಹಾಡುಗಾರನ ಉಸಿರು ನೋಡಿಕೊಂಡು ಅಲ್ಲೇ ತುಂಬಬೇಕಿತ್ತು. ನಡುವೆ ಅಳಿದುಹೋಗಿದ್ದ ಈ ಪದ್ಧತಿಯನ್ನು 20ನೇ ಶತಮಾನದಲ್ಲಿ ಕೆಲವರು ಓದಿ, ಹುಡುಕಿ ಮತ್ತೆ ಕಟ್ಟಿದರು. 1979ರಲ್ಲಿ ಆಮ್‌ಸ್ಟರ್‌ಡ್ಯಾಮ್ ಬರೋಕ್ ಆರ್ಕೆಸ್ಟ್ರಾ ಕಟ್ಟಿದ ಟಾನ್ ಕೂಪ್‌ಮನ್ ಅವರಲ್ಲೊಬ್ಬರು. ಅವರು ಗ್ರಂಥಾಲಯಗಳಲ್ಲಿ ಹುಡುಕಿ ಪಡೆಯಬೇಕಾದದ್ದು ನಮ್ಮಲ್ಲಿ ಕಟೀಲಿನ ಹರಕೆಯಾಟಗಳಲ್ಲಿ ಕಡಿಯದೆ ನಡೆದು ಬಂದಿದೆ.

ಯಕ್ಷಗಾನದ ಹಿರಿಮೆ ಹೇಳಲು ಯುರೋಪಿನ ಸಾಕ್ಷಿ ಯಾಕೆ ಎಂದು ಕೇಳುವವರಿದ್ದಾರೆ. ಹಿರಿಮೆಗೆ ಖಂಡಿತ ಬೇಡ. ಆದರೆ ಭಾಗವತರನ್ನು ಕರ್ನಾಟಕ ಸಂಗೀತದ ಕಛೇರಿಗೆ ಹೋಲಿಸುವ ರೂಢಿ ಈಗಾಗಲೇ ಇದೆ, ಕೆಟ್ಟ ಹೋಲಿಕೆಯನ್ನು ಬಿಡಿಸಲು ಹೆಚ್ಚು ಸರಿಯಾದ ಇನ್ನೊಂದು ಬೇಕಾಗುತ್ತದೆ. ಕಛೇರಿಯಲ್ಲಿ ಪಕ್ಕವಾದ್ಯದವರು ಗಾಯಕನನ್ನು ಅನುಸರಿಸಿದರೆ ಸಾಕು. ಆಟದಲ್ಲಿ ಭಾಗವತರು ವೇಷಧಾರಿಯನ್ನು ನಡೆಸಲೂ ಬೇಕು, ಅವನ ದಣಿವು ಹುರುಪುಗಳಿಗೆ ಬಗ್ಗಲೂ ಬೇಕು. ಕರ್ನಾಟಕ ಮೇಳದ ಭಾಗವತರಾಗಿದ್ದ ದಾಮೋದರ ಮಂಡೆಚ್ಚರು ಶಾಸ್ತ್ರೀಯ ರಾಗಗಳ ಸೊಗಸನ್ನು ತೆಂಕಿಗೆ ತಂದದ್ದು ನಿಜ. ಅದು ಆಟಕ್ಕೆ ಒದಗಿದ್ದು ರಾಗ ಚೆನ್ನಾಗಿತ್ತೆಂಬ ಒಂದೇ ಕಾರಣಕ್ಕಲ್ಲ. ಅವರಿಗೆ ರಂಗನಡೆ ಗೊತ್ತಿತ್ತು.

ಸ್ವರವೇ ಇಲ್ಲದೆ ಭಾಗವತಿಕೆ ಎಲ್ಲಿಯದು, ಬಲಿಪರನ್ನು ಜನ ನೆನೆಯುವುದು ಸ್ವರಕ್ಕಲ್ಲವೇ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಕಾಸರಗೋಡಿನ ಪಡ್ರೆಯಲ್ಲಿ 1938ರಲ್ಲಿ ಹುಟ್ಟಿ, ಮೂಡುಬಿದಿರೆ ಬಳಿಯ ಮಾರೂರಿನಲ್ಲಿ ನೆಲೆಸಿ, 2023ರ ಫೆಬ್ರವರಿಯಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರ ಏರುಶ್ರುತಿ ನಿಜಕ್ಕೂ ದೊಡ್ಡದು. ಆದರೆ ಅವರು ಅದೇ ಹೆಸರಿನ ತಮ್ಮ ಅಜ್ಜನಿಂದ ಕಲಿತದ್ದು ಕಂಠವನ್ನಲ್ಲ, ಕ್ರಮವನ್ನು. ಹಲವಾರು ಪ್ರಸಂಗಗಳು ಅವರಿಗೆ ಬಾಯಿಪಾಠವಿದ್ದವು. ಪುಸ್ತಕದಿಂದ ಕಣ್ಣು ಬಿಡುಗಡೆಯಾದರೆ ಅದು ರಂಗಸ್ಥಳದ ಮೇಲೆ ಇರುತ್ತದೆ. ದೇವೀಮಹಾತ್ಮೆಯನ್ನು ಅವರು ಐದು ದಿನಗಳ ಆಟಕ್ಕೆ ಹಿಗ್ಗಿಸಿ ಪ್ರಸಂಗ ಬರೆದರು, ಅದು ಬರೀ ಹಾಡುಗಾರನಿಂದಾಗದು. ಲೀಲಾವತಿ ಬೈಪಾಡಿತ್ತಾಯರ (1947–2024) ಬದುಕು ಇದನ್ನೇ ಇನ್ನೊಂದು ಕಡೆಯಿಂದ ತೋರಿಸುತ್ತದೆ. ಮಧೂರಿನಲ್ಲಿ ಹುಟ್ಟಿದ ಅವರು ಕಲಿತದ್ದು ಶಾಸ್ತ್ರೀಯ ಸಂಗೀತ. ಸ್ವರ, ರಾಗಜ್ಞಾನ ಎರಡೂ ಮೊದಲೇ ಇದ್ದವು. ಭಾಗವತರಾಗಲು ಅದು ಸಾಲಲಿಲ್ಲ. ಮದುವೆಯ ನಂತರ ಹಿಮ್ಮೇಳದ ಕಲಾವಿದರಾದ ಪತಿ ಹರಿನಾರಾಯಣ ಬೈಪಾಡಿತ್ತಾಯರಿಂದ ಯಕ್ಷಗಾನದ ನಡೆಯನ್ನು ಬೇರೆಯಾಗಿಯೇ ಕಲಿಯಬೇಕಾಯಿತು. ಆಮೇಲೆ ವೃತ್ತಿಮೇಳಗಳ ತಿರುಗಾಟದಲ್ಲಿ, ಗಂಡಸರೇ ತುಂಬಿದ ಚೌಕಿಗಳ ನಡುವೆ, ಪೂರ್ಣಪ್ರಮಾಣದ ಆಟಗಳನ್ನು ನಡೆಸಿದ ತೆಂಕಿನ ಮೊದಲ ಮಹಿಳೆಯಾದರು. ಯಜಮಾನಿಕೆ ಗಂಡುಗಂಟಲಿನಲ್ಲಿದೆ ಎಂದು ನಂಬಿದ್ದವರಿಗೆ ಅವರ ಜಾಗಟೆ ಉತ್ತರ ಕೊಟ್ಟಿತು.

ದೊಡ್ಡ ಹೆಸರಿನ ಅರ್ಥಧಾರಿಗಳಿದ್ದಾಗ ಭಾಗವತರೇ ಅವರ ಹಿಂದೆ ಹೋಗುವುದಿಲ್ಲವೇ? ಹೋಗುತ್ತಾರೆ, ವೇಷವಿಲ್ಲದ ಕೂಟವಾದ ತಾಳಮದ್ದಳೆಯಲ್ಲಂತೂ ಹೆಚ್ಚು. ಆದರೂ ಪದ್ಯ ಎತ್ತದೆ ಮಾತು ಹುಟ್ಟುವುದಿಲ್ಲ, ಮುಂದಿನ ಪದ್ಯ ಎತ್ತಿದ ಮೇಲೆ ಮಾತು ಉಳಿಯುವುದಿಲ್ಲ. ಆ ಎರಡು ಅಧಿಕಾರಗಳನ್ನು ಶೇಣಿಯವರಂಥ ಯಾವ ಅರ್ಥಧಾರಿಯೂ ಕಿತ್ತುಕೊಂಡದ್ದಿಲ್ಲ.

ನಗರದಲ್ಲಿ ಈಗ ಭಾಗವತಿಕೆ ಕಲಿಸುವ ತರಗತಿಗಳಿವೆ, ಮಕ್ಕಳೂ ಆಸೆಯಿಂದ ಬರುತ್ತಾರೆ. ಅಲ್ಲಿ ಜನಪ್ರಿಯವಾದ ಹತ್ತಿಪ್ಪತ್ತು ಪದ್ಯಗಳನ್ನು ತಿದ್ದಿ ವೇದಿಕೆ ಹತ್ತಿಸುವ ಅವಸರ ಬೇಡ. ಪೂರ್ವರಂಗ ಹಾಡುತ್ತ ಮೇಲೇರುವ ಹಳೆಯ ಕ್ರಮ ನಿಧಾನದ್ದು, ಆದರೆ ಕೆಲಸ ಕಲಿಸುವುದು ಅದೇ. ಗುರುಗಳು ತಮ್ಮ ವಿದ್ಯಾರ್ಥಿಗಳನ್ನು ಒಂದಿಡೀ ತಿರುಗಾಟದಲ್ಲಿ ಆಗಾಗ ಹಿಮ್ಮೇಳದ ಪಕ್ಕ ಕೂರಿಸಲಿ, ಪ್ರಸಂಗ ಪುಸ್ತಕವನ್ನು ಕೈಗೆ ಕೊಟ್ಟು ಯಾವ ಪದ್ಯ ಬಿಟ್ಟರು, ಯಾಕೆ ಬಿಟ್ಟರು ಎಂದು ಬರೆಸಲಿ.