ಬಿಲ್ಲಿಗೆ ತಡಸಲು, ಮೇಜಿಗೆ ಮಳೆಮರ

ಮೇ ತಿಂಗಳ ಗಾಳಿಮಳೆ ಹೊಡೆದ ಮರುದಿನ ಬೆಳಗ್ಗೆ ಬೆಂಗಳೂರಿನ ಬನಶಂಕರಿಯ ಅಡ್ಡರಸ್ತೆಗಳಲ್ಲಿ ಯಂತ್ರಗರಗಸದ ಸದ್ದು ಕೇಳುವುದು ಮಾಮೂಲು. ರಾತ್ರಿ ಉರುಳಿದ ಮರ ಮಧ್ಯಾಹ್ನದೊಳಗೆ ಎರಡೆರಡು ಅಡಿಯ ತುಂಡುಗಳಾಗಿ ಟ್ರ್ಯಾಕ್ಟರ್ ಏರಿರುತ್ತದೆ. ರಸ್ತೆ ತೆರವಾಗಬೇಕು, ಹರಿದ ತಂತಿ ಕಟ್ಟಬೇಕು, ನಿಜ. ಆದರೆ ಎರಡಡಿ ತುಂಡು ಒಲೆಗಲ್ಲದೆ ಬೇರೆ ಯಾತಕ್ಕೂ ಬರುವುದಿಲ್ಲ. ಅದೇ ದಿಮ್ಮಿಯನ್ನು ಏಳಡಿಗೆ ಕೊಯ್ದಿದ್ದರೆ ಎಂಟು ಜನ ಕೂರುವ ಊಟದ ಮೇಜಾಗುತ್ತಿತ್ತು. ಸೌದೆ ಹೇರಿಕೊಂಡ ಟ್ರ್ಯಾಕ್ಟರ್ ಹಾದುಹೋಗುವ ಮುಖ್ಯರಸ್ತೆಯ ಅಂಗಡಿಯಲ್ಲೇ ಮಲೇಷ್ಯಾದಿಂದ ಬಂದ ರಬ್ಬರ್ ಮರದ ಡೈನಿಂಗ್ ಸೆಟ್ ಮಾರಾಟಕ್ಕಿರುತ್ತದೆ.

ಊರಿನ ಗಟ್ಟಿಮರ ತಂದು ಕೈಯಲ್ಲೇ ಬಿಲ್ಲು, ಕುರ್ಚಿ, ಮೇಜು ಮಾಡುವ ಹುಚ್ಚು ಇಂಗ್ಲೆಂಡ್, ಅಮೆರಿಕಗಳಲ್ಲಿ ಬಹಳ ಜನರಿಗೆ ಹಿಡಿದಿದೆ. ಅವರಿಗೆ ಹಿಂದಿನವರು ಮಾಡಿದ ವಸ್ತುವೇ ಸಾಕ್ಷಿಯಾಗಿ ಸಿಕ್ಕಿದೆ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆದ್ದ ಮೇರಿ ರೋಸ್ ಹಡಗಿನಿಂದ ಯೂ ಮರದ ಬಿಲ್ಲುಗಳು ನೂರಕ್ಕೂ ಹೆಚ್ಚು ಸಿಕ್ಕವು. ಸಮುದ್ರದ ಕೆಸರು ಅವನ್ನು ಕಾಪಾಡಿತ್ತು. ನಮ್ಮಲ್ಲಿ ಬಿಲ್ಲು ಉಳಿದಿರುವುದು ವೀರಗಲ್ಲುಗಳ ಮೇಲೆ. ಮರದ ಬಿಲ್ಲನ್ನು ಗೆದ್ದಲು ತಿಂದಿತು, ಕಲ್ಲಿನದು ನಿಂತಿತು. ಹಾಗಾಗಿ ನಮ್ಮ ಬಿಲ್ಲು ಯಾವ ಮರದ್ದು ಎಂದು ಕೇಳಿದರೆ ತಟ್ಟನೆ ಬರುವ ಉತ್ತರ ಬಿದಿರು. ಅದು ಸರಿಯೇ, ಆದರೆ ಅರ್ಧ ಮಾತ್ರ.

ಉಳಿದರ್ಧ ತಡಸಲು. ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟದ ಎಲೆಯುದುರುವ ಕಾಡುಗಳಲ್ಲಿ ಬೆಳೆಯುವ, ಪುಟ್ಟ ಹುಳಿಸಿಹಿ ಹಣ್ಣು ಬಿಡುವ ಮರ ಇದು. ಬಗ್ಗಿಸಿದರೆ ಮುರಿಯದೆ ಮತ್ತೆ ನೆಟ್ಟಗಾಗುವುದು ಇದರ ಗುಣ. ಅದಕ್ಕೇ ಬಿಲ್ಲಿಗೆ, ದೋಣಿಯ ಹುಟ್ಟಿಗೆ, ಗಾಡಿಯ ಮೂಕಿಗೆ, ಕೊಡಲಿ ಕಾವಿಗೆ ಇದನ್ನು ಬಳಸುತ್ತಿದ್ದರೆಂದು ಬ್ರಿಟಿಷರ ಕಾಲದ ಅರಣ್ಯ ಗ್ರಂಥಗಳೂ ಬರೆದಿಟ್ಟಿವೆ. ತೊಗಟೆಯ ನಾರು ಹಗ್ಗಕ್ಕೆ ಬರುತ್ತದೆ.

ಮರದ ಬಿಲ್ಲು ಮಾಡುವವನು ಮೊದಲು ಗರಗಸವನ್ನು ದೂರ ಇಡಬೇಕು. ಗರಗಸ ನಾರನ್ನು ಅಡ್ಡಡ್ಡ ಕತ್ತರಿಸಿಬಿಡುತ್ತದೆ. ತುಂಡಾದ ನಾರಿನ ಜಾಗದಲ್ಲೇ ಮುಂದೆ ಬಿಲ್ಲು ಸೀಳುವುದು. ಆದ್ದರಿಂದ ಹಸಿ ದಿಮ್ಮಿಗೆ ಆಪು ಬಡಿದು, ನಾರು ಹೋದ ದಾರಿಯಲ್ಲೇ ಸೀಳಬೇಕು. ಸೀಳನ್ನು ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸಿ, ಬಾಚಿಯಿಂದ ಒರಟಾಗಿ ಕೆತ್ತಿ, ಆಮೇಲೆ ಕೀಸುಳಿ, ಕೊನೆಗೆ ಒಡೆದ ಗಾಜಿನ ಚೂರಿನಿಂದ ಹೆರೆಯಬೇಕು. ಗುರಿಯ ಕಡೆಗಿರುವ ಬೆನ್ನು ಎಳೆತ ತಡೆಯಬೇಕು, ಬಿಲ್ಲುಗಾರನ ಕಡೆಗಿರುವ ಹೊಟ್ಟೆ ಒತ್ತಡ ತಡೆಯಬೇಕು. ಬೆನ್ನಿನ ಮೇಲೆ ವರ್ಷದ ಒಂದೇ ಬಳೆ ತುದಿಯಿಂದ ತುದಿಗೆ ಅಖಂಡವಾಗಿರಬೇಕು. ಬಿದಿರಿಗೆ ಈ ಬೆನ್ನನ್ನು ಪ್ರಕೃತಿಯೇ ಕೊಟ್ಟಿದೆ; ಅದರ ಹೊರಸಿಪ್ಪೆಯಲ್ಲೇ ನಾರು ಹೆಚ್ಚು ದಟ್ಟ. ಇನ್ನು ಹುರಿ ಕಟ್ಟಿ, ಗೋಡೆಯ ಗೂಟಕ್ಕೆ ನಡುವನ್ನು ಸಿಕ್ಕಿಸಿ, ಹುರಿಯನ್ನು ಸ್ವಲ್ಪ ಸ್ವಲ್ಪವೇ ಕೆಳಗೆಳೆದು ದೂರ ನಿಂತು ನೋಡಬೇಕು. ಎರಡೂ ತೋಳು ಸಮನಾಗಿ ಬಾಗುತ್ತಿವೆಯೇ? ಬಿಗಿಯಾಗಿರುವ ಕಡೆ ಎರಡು ಎಳೆ ಹೆರೆ, ಮತ್ತೆ ಎಳೆ, ಮತ್ತೆ ನೋಡು. ಹೆಚ್ಚಾಗಿ ಹೆರೆದದ್ದನ್ನು ಮರಳಿ ಅಂಟಿಸುವಂತಿಲ್ಲ.

ಬೆಂಗಳೂರಿನ ಬೀದಿಯಲ್ಲಿ ಜನ ಕಂಡ ಬಿಲ್ಲು ಮಾತ್ರ ಬೇಟೆಯದಲ್ಲ, ಪಿಂಜಾರರದು. ಆಳುದ್ದದ ಮರದ ದಂಡ, ಒಂದು ತುದಿಯಲ್ಲಿ ಅಗಲ ಹಲಗೆ, ಬಿಗಿದ ನರದ ಹುರಿ. ಮರದ ಕೊಡತಿಯಿಂದ ಮೀಟಿದರೆ ಗಂಟುಗಟ್ಟಿದ ಹಾಸಿಗೆ ಹತ್ತಿ ನೊರೆಯಂತೆ ಏಳುತ್ತಿತ್ತು. ಜಯನಗರ, ಬನಶಂಕರಿಯ ಬೀದಿಗಳಲ್ಲಿ ಆ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದವರನ್ನು ಕಂಡವರು ಈಗಲೂ ಇದ್ದಾರೆ. ಬಡಗಿಯ ಬಳಿಯೂ ಒಂದು ಸಣ್ಣ ಬಿಲ್ಲು ಇರುತ್ತಿತ್ತು. ಅದರ ಹುರಿಯನ್ನು ಬೈರಿಗೆಗೆ ಸುತ್ತಿ ಹಿಂದೆ ಮುಂದೆ ಎಳೆದರೆ ಮರಕ್ಕೆ ತೂತು ಬೀಳುತ್ತಿತ್ತು. ಅರವತ್ತು ಕಿಲೋಮೀಟರ್ ಆಚೆಯ ಚನ್ನಪಟ್ಟಣದಲ್ಲಿ ಆಲೆಮರದ ಗೊಂಬೆ ಕಡೆಯುವ ಕೈಪಟ್ಟಡಿ ತಿರುಗುತ್ತಿದ್ದದ್ದೂ ಬಿಲ್ಲಿನಿಂದಲೇ. ಕರೆಂಟಿನ ಪಟ್ಟಡಿ ಬಂದದ್ದು ಆಮೇಲೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ತಿಕ್ಕಾಟದ ಬಿಸಿಗೇ ಅರಗು ಕರಗಿ ಬಣ್ಣ ಹಿಡಿಯುವ ಉಪಾಯ ಮಾತ್ರ ಎರಡಕ್ಕೂ ಒಂದೇ.

ಇಷ್ಟು ಹೇಳಿದ್ದು ಯಾಕೆಂದರೆ, ನಮ್ಮ ಬಯಲುಸೀಮೆಯ ಮರದ ಅರಿವು ಬಹುಪಾಲು ಇದ್ದದ್ದು ಇಂಥ ದುಡಿಯುವ ವಸ್ತುಗಳಲ್ಲಿ, ಫರ್ನಿಚರಿನಲ್ಲಲ್ಲ. ಸಾಮಾನ್ಯರ ಮನೆಯಲ್ಲಿ ಮಣೆ, ತೊಟ್ಟಿಲು, ಪೆಟ್ಟಿಗೆ ಬಿಟ್ಟರೆ ಮರದ ಸಾಮಾನು ಇನ್ನೇನಿತ್ತು? ಆದರೆ ಕೊಡಲಿ ಕಾವಿಗೆ, ಗಾಡಿ ಅಚ್ಚಿಗೆ ದಿಂಡಿಗವೇ ಆಗಬೇಕು, ಚಕ್ರಕ್ಕೂ ನೇಗಿಲಿಗೂ ಜಾಲಿ, ಗಾಣಕ್ಕೂ ಕೊಡತಿಗೂ ಹುಣಸೆ. ಹುಳ ಬರದಿರಲಿ ಎಂದು ಪೆಟ್ಟಿಗೆಗೆ ಬೇವು. ಬಾಗಿಲಿಗೆ ಹೊನ್ನೆಯೋ ಹಲಸೋ. ಹಲಸಿನ ಹಳದಿ ವರ್ಷ ಕಳೆದಂತೆ ಜೇನಿನ ಬಣ್ಣಕ್ಕೂ ಆಮೇಲೆ ಕಂದಿಗೂ ತಿರುಗುತ್ತದೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ಇವತ್ತಿಗೂ ವೀಣೆ ಹುಟ್ಟುವುದು ಈ ಹಲಸಿನಿಂದಲೇ. ಬೀಟೆ, ತೇಗ ಶ್ರೀಮಂತರ ಮನೆಗೆ. ಶ್ರೀಗಂಧವಂತೂ 1792ರಲ್ಲಿ ಟಿಪ್ಪು ಅದನ್ನು ರಾಜವೃಕ್ಷ ಎಂದು ಸಾರಿದಂದಿನಿಂದ ಎರಡು ಶತಮಾನ ಸರ್ಕಾರದ ಸೊತ್ತಾಗಿತ್ತು.

ಈ ಅರಿವು ಬಡಗಿಯ ಕೈಯಿಂದ ಜಾರಿದ್ದು ಹೇಗೆ? ಪ್ಲೈವುಡ್ ಬಂತು, ಅದರ ಮೇಲೆ ಸನ್‌ಮೈಕಾ ಬಂತು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಿಂದ ಕಾಡಿನ ಮರ ಕಡಿಯುವುದಕ್ಕೂ ಪರವಾನಗಿ ಇಲ್ಲದ ಸಾಮಿಲ್‌ಗಳಿಗೂ ಕಡಿವಾಣ ಬಿತ್ತು. ಕಾಡಿಗೆ ಅದು ಬೇಕೇ ಬೇಕಿತ್ತು, ಆ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಟಿಂಬರ್ ಯಾರ್ಡುಗಳಲ್ಲಿ ಮತ್ತಿ, ಹೊನ್ನೆಗಳ ಜಾಗಕ್ಕೆ ಮಲೇಷ್ಯಾದ ಸಾಲ್, ಆಫ್ರಿಕಾದ ತೇಗ, ನ್ಯೂಜಿಲೆಂಡಿನ ಪೈನ್ ಬಂದು ಕೂತವು. 2017ರ ಜನವರಿಯಿಂದ ಬೀಟೆಯ ಇಡೀ ಕುಲವೇ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಗೆ ಸೇರಿತು. ಹಡಗಿನಲ್ಲಿ ಬಂದ ಮರಕ್ಕೆ ಊರಿನ ಹೆಸರಿಲ್ಲ. ಬಡಗಿಗೆ ಅದು ಬರೀ ಇಷ್ಟು ಘನ ಅಡಿ.

ಅಷ್ಟರಲ್ಲಿ ಬನಶಂಕರಿಯ ಗಟ್ಟಿಮರ ಬೇರೆ ಕಡೆ ಬೆಳೆಯುತ್ತಿತ್ತು: ಫುಟ್‌ಪಾತಿನ ಮೇಲೆ. 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ಕ್ರುಂಬಿಗಲ್, ಒಂದು ಮರದ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಸಾಲುಮರ ನೆಡಿಸಿದರು. ಆ ಯೋಜನೆ ಕಣ್ಣಿಗೆ, ಹೂವಿಗೆ. ದಕ್ಷಿಣದ ಹೊಸ ಬಡಾವಣೆಗಳಿಗೆ ನೆರಳು ಬಂದದ್ದು 1980ರ ದಶಕದಲ್ಲಿ, ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ಕಾಲದಲ್ಲಿ. ಕೆಲವೇ ವರ್ಷಗಳಲ್ಲಿ ನಗರದಾದ್ಯಂತ ಸುಮಾರು 15 ಲಕ್ಷ ಸಸಿ ನೆಡಿಸಿದ ಮನುಷ್ಯ ಅವರು, 2021ರಲ್ಲಿ ತೀರಿಕೊಂಡರು. ಮಹಾಗನಿ, ಹೊಂಗೆ, ಮಳೆಮರ, ಹಳದಿ ಹೂವಿನ ಪೆಲ್ಟೋಫೋರಂ ಹೀಗೆ ಆಗ ನೆಟ್ಟವಕ್ಕೆ ಈಗ ನಲವತ್ತು ವರ್ಷ. ಕೊಯ್ದರೆ ಒಳಗೆ ಚೇಗು ಕಟ್ಟಿರುವ ವಯಸ್ಸು.

ಎಲ್ಲವೂ ಒಳ್ಳೆಯ ಮರವೇನಲ್ಲ. ಗುಲ್‌ಮೊಹರ್ ಹೂವಿಗೆ ಚೆಂದ, ಹಲಗೆಗೆ ದಂಡ. ಟೊಳ್ಳಾಗುತ್ತದೆ, ಹುಳ ಹಿಡಿಯುತ್ತದೆ. ಮಹಾಗನಿ ಮಾತ್ರ ಅಪ್ಪಟ. 1795ರಲ್ಲಿ ವೆಸ್ಟ್ ಇಂಡೀಸಿನಿಂದ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದು ಅಲ್ಲಿಂದ ದೇಶವೆಲ್ಲ ಹರಡಿದ ಮರ ಅದು. ನನ್ನ ಮೆಚ್ಚಿನದು ಮಳೆಮರ. ಇದೂ ಅಮೆರಿಕ ಖಂಡದಿಂದ ಬಂದದ್ದೇ. ಕೊಯ್ದಾಗ ಅಂಚಿನಲ್ಲಿ ಕೆನೆಬಣ್ಣದ ಎಳೆಮರ, ಒಳಗೆ ಚಾಕಲೇಟ್ ಕಂದಿನ ಚೇಗು, ನಡುನಡುವೆ ಕಪ್ಪು ಗೆರೆ. ಒಣಗುವಾಗ ಬೇರೆ ಮರಗಳಷ್ಟು ಕುಗ್ಗುವುದಿಲ್ಲವಾದ್ದರಿಂದ ಮೂರಡಿ ಅಗಲದ ಇಡೀ ಹಲಗೆಯನ್ನೂ ಮೇಜಿಗೆ ಹಾಕಬಹುದು. ಒಂದೇ ತೊಂದರೆ: ನಾರು ಒಂದು ಪದರದಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ ತಿರುಗಿರುತ್ತದೆ. ಕೀಸುಳಿ ಒಂದು ಕಡೆ ನುಣ್ಣಗೆ ಓಡಿದರೆ ಪಕ್ಕದಲ್ಲೇ ಚಕ್ಕೆ ಕೀಳುತ್ತದೆ. ಧೂಳಿಗೆ ಮೂಗು ಉರಿಯುತ್ತದೆ. ಹೊಸ ಬಡಗಿಗಳು ಬೈದುಕೊಳ್ಳುವುದು ಇದಕ್ಕೇ.

ಬಿದ್ದ ಮರವನ್ನು ಮನೆಗೆ ಎಳೆದುಕೊಂಡು ಹೋಗುವಂತಿಲ್ಲ. ರಸ್ತೆಬದಿಯದು ಪಾಲಿಕೆಯ ಸ್ವತ್ತು. ನಿಮ್ಮದೇ ಕಾಂಪೌಂಡಿನದನ್ನು ಕಡಿಯಲೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ನೀಲಗಿರಿ, ಸರ್ವೆ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿ ಇದೆ. ಹಾಗಾಗಿ ಕೈಕೆಲಸ ಕಲಿಯುವವರಿಗೆ ಸುಲಭದ ಊರಮರವೆಂದರೆ ಹೊಲದ ಬದುಗಳಲ್ಲಿ ಬೆಳೆಸುವ ಸಿಲ್ವರ್ ಓಕ್. ಪ್ಯಾಕಿಂಗ್ ಪೆಟ್ಟಿಗೆಯ ಮರವೆಂದು ಅದನ್ನು ಅಸಡ್ಡೆ ಮಾಡುವವರು ಒಮ್ಮೆ ನಡುಗೆರೆಗೆ ನೇರವಾಗಿ ಸೀಳಿಸಿ ನೋಡಲಿ, ಹಲಗೆಯ ತುಂಬ ಜಾಲರಿಯಂಥ ಚುಕ್ಕಿ ಎದ್ದು ಬರುತ್ತದೆ.

ಮರ ಯಾವುದೆಂದೇ ತಿಳಿಯದಿದ್ದರೆ ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಶುರುವಾದ ಇದಕ್ಕೆ ಈಗಿನ ಹೆಸರು ಬಂದದ್ದು 1988ರಲ್ಲಿ. ತುಂಡಿನ ಅಡ್ಡಮುಖವನ್ನು ನುಣ್ಣಗೆ ಕೆತ್ತಿ ಮಸೂರದಡಿ ಇಟ್ಟರೆ ಸಣ್ಣ ರಂಧ್ರಗಳ ಜೋಡಣೆಯಿಂದಲೇ ಮರದ ಜಾತಿ ತಿಳಿಯುತ್ತದೆ.

ಮಿಕ್ಕಿದ್ದು ತಾಳ್ಮೆಯ ಲೆಕ್ಕ. ಇಂಚು ದಪ್ಪಕ್ಕೆ ಒಂದು ವರ್ಷ ಒಣಗಬೇಕು ಎನ್ನುವುದು ಬಡಗಿಗಳ ಹಳೆಯ ಅಳತೆ. ಕೊಯ್ದ ದಿನವೇ ದಿಮ್ಮಿಯ ಎರಡು ತುದಿಗೂ ಮೇಣವೋ ಬಣ್ಣವೋ ಬಳಿಯಬೇಕು, ಇಲ್ಲವಾದರೆ ತುದಿಯಿಂದ ನೀರು ಬೇಗ ಆರಿ ಬಿರುಕು ಒಳಕ್ಕೆ ಓಡುತ್ತದೆ. ಹಲಗೆಗಳ ನಡುವೆ ಸಮದಪ್ಪದ ರೀಪು ಇಟ್ಟು, ಮೇಲೆ ಕಲ್ಲು ಹೇರಿ, ಬಿಸಿಲು ಬೀಳದ ಕಡೆ ಅಟ್ಟಿ ಕಟ್ಟಬೇಕು. ಬೆಂಗಳೂರಿನ ಹವೆಯಲ್ಲಿ ಹಲಗೆಯ ತೇವಾಂಶ ನೂರಕ್ಕೆ 12ರ ಆಸುಪಾಸಿಗೆ ಇಳಿದ ಮೇಲೆ ಉಳಿ ಹಿಡಿದರಾಯಿತು. ಈ ವರ್ಷದ ಗಾಳಿಗೆ ಬಿದ್ದ ಮಳೆಮರದ ಎರಡಿಂಚಿನ ಹಲಗೆ ಮೇಜಾಗುವುದು ಇನ್ನೆರಡು ಮಳೆಗಾಲ ಕಳೆದ ಮೇಲೆ. ಅದೂ ಯಾರಾದರೂ ಅದನ್ನು ಏಳಡಿಗೆ ಕೊಯ್ದಿದ್ದರೆ.