ಎರಡನೆಯ ಬಾರಿ ಕಳಚಿದ ಅಕ್ಷಿಪಟಲ

ನಮ್ಮ ಶಾಲೆಯ ಪೋಷಕರೊಬ್ಬರು ಎರಡು ವರ್ಷಗಳ ಹಿಂದೆ ಬಯಲುಸೀಮೆಗಿಳಿದು ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಕಳಚಿದ್ದ ಅಕ್ಷಿಪಟಲವು ಸ್ವಸ್ಥಾನದಲ್ಲಿ ಕುಳಿತು ದೃಷ್ಟಿ ಮರಳಿತು. ಆರು ವಾರಗಳಾದ ಮೇಲೆ ಅದೇ ಕಣ್ಣಿಗೆ ಮೇಲಿನಿಂದ ಕಪ್ಪು ತೆರೆಯೊಂದು ಇಳಿಯತೊಡಗಿತು. ‘ಒಮ್ಮೆ ಮಾಡಿಸಿದ್ದಾಯಿತು, ಇನ್ನು ದೇವರಿಟ್ಟಂತಾಗಲಿ’ ಎಂದು ಅವರು ಒಂದು ತಿಂಗಳು ಸುಮ್ಮನಿದ್ದರು. ಆಮೇಲಿನ ಚಿಕಿತ್ಸೆಯಿಂದ ಪಟಲವು ಕೂಡಿತಾದರೂ, ಇಂದು ಆ ಕಣ್ಣಿಗೆ ಜನರ ಆಕೃತಿ ಕಾಣುವುದೇ ಹೊರತು ಅಕ್ಷರ ಕಾಣದು. ಇಂತಹ ವಿಳಂಬವು ನಮ್ಮಲ್ಲಿ ಮತ್ತಾರಿಗೂ ಒದಗದಿರಲೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಕಣ್ಣಿನ ಹಿಂಭಾಗದ ಒಳಗೋಡೆಗೆ ಹಚ್ಚಿದಂತಿರುವ ಅತಿ ತೆಳುವಾದ ಪೊರೆಯೇ ಅಕ್ಷಿಪಟಲ. ನಾವು ನೋಡುವ ವಸ್ತುವಿನ ಬಿಂಬವು ಮೂಡುವುದು ಅದರ ಮೇಲೆಯೇ. ಕಣ್ಣಿನ ಗೋಳದೊಳಗೆ ಲೋಳೆಸರದ ತಿರುಳಿನಂತಹ ಪಾರದರ್ಶಕ ಲೋಳೆಯು ತುಂಬಿರುತ್ತದೆ. ವಯಸ್ಸಾದಂತೆ ಅದು ಕುಗ್ಗಿ ಪಟಲವನ್ನು ಎಳೆಯುವುದುಂಟು. ಎಳೆತಕ್ಕೆ ಪಟಲವು ಹರಿದರೆ ಆ ರಂಧ್ರದ ಮೂಲಕ ದ್ರವವು ಹಿಂದಕ್ಕೆ ನುಸುಳಿ, ಒದ್ದೆಗೋಡೆಯ ಕಾಗದದಂತೆ ಪಟಲವು ಕಳಚಿಕೊಳ್ಳುತ್ತದೆ. ಕಳಚಿದ ಭಾಗಕ್ಕೆ ಹಿಂದಿನ ಪದರದಿಂದ ಪೋಷಣೆ ದೊರೆಯದು. ನೋವಿಲ್ಲದಿರುವುದೇ ಈ ರೋಗದ ಮೋಸ. ಮಿಂಚು ಹೊಳೆದಂತಾಗುವುದು, ಕಪ್ಪು ಚುಕ್ಕೆಗಳು ಹಠಾತ್ತನೆ ತೇಲುವುದು, ತೆರೆ ಬಿದ್ದಂತಾಗುವುದು, ಇವೇ ಅದರ ಲಕ್ಷಣಗಳು.

ಒಂದು ಕಾಲದಲ್ಲಿ ಇದಕ್ಕೆ ಮದ್ದೇ ಇರಲಿಲ್ಲವೆನ್ನಬಹುದು. ರಂಧ್ರವೇ ರೋಗದ ಮೂಲ, ಅದನ್ನು ಮುಚ್ಚಿದರೆ ಪಟಲವು ಕೂಡುವುದೆಂದು ಸ್ವಿಟ್ಜರ್ಲೆಂಡಿನ ಲೋಸಾನ್ ನಗರದ ವೈದ್ಯ ಜೂಲ್ ಗೊನಿನ್ ಅವರು 1920ರ ದಶಕದಲ್ಲಿ ಲೋಕಕ್ಕೆ ಮನಗಾಣಿಸಿದರು. 1970ರ ದಶಕದ ಮೊದಲಲ್ಲಿ ಅಮೆರಿಕದ ರಾಬರ್ಟ್ ಮಾಕೆಮರ್ ಅವರು ಸೂಕ್ಷ್ಮ ಉಪಕರಣಗಳಿಂದ ಕಣ್ಣಿನ ಲೋಳೆಯನ್ನೇ ತೆಗೆಯುವ ಕ್ರಮವನ್ನು ರೂಪಿಸಿದರು. ಇಂದು ನೂರರಲ್ಲಿ ಸುಮಾರು 85ರಿಂದ 90 ಜನರಿಗೆ ಮೊದಲ ಶಸ್ತ್ರಚಿಕಿತ್ಸೆಯಲ್ಲಿಯೇ ಪಟಲವು ಕೂಡುತ್ತದೆ.

ಹಾಗಾದರೆ ಉಳಿದವರಲ್ಲಿ ಮತ್ತೆ ಕಳಚುವುದೇಕೆ? ಕೆಲವೊಮ್ಮೆ ಹಳೆಯ ರಂಧ್ರವು ತೆರೆದುಕೊಳ್ಳುತ್ತದೆ, ಇಲ್ಲವೆ ಹೊಸದು ಉಂಟಾಗುತ್ತದೆ. ಮುಖ್ಯ ಕಾರಣವು ಬೇರೆ. ರಂಧ್ರದಿಂದ ಹೊರಬಿದ್ದ ಜೀವಕೋಶಗಳು ಪಟಲದ ಮೇಲೆ ನೆಲೆಸಿ, ಬೆಳೆದು, ಗಾಯದ ಪೊರೆಯಾಗುತ್ತವೆ. ಸುಟ್ಟಗಾಯವು ಮಾಯುವಾಗ ಚರ್ಮವು ಮುದುಡುವುದನ್ನು ಕಂಡಿರುವಿರಷ್ಟೆ; ಹಾಗೆಯೇ ಈ ಪೊರೆಯು ಮುದುಡಿ ಪಟಲವನ್ನು ಸೆಳೆದು ಕೀಳುತ್ತದೆ. ಹೀಗಾಗುವುದು ಬಹುಮಟ್ಟಿಗೆ ಮೊದಲ ಎರಡು ಮೂರು ತಿಂಗಳಲ್ಲಿ. ಆದುದರಿಂದ ದೃಷ್ಟಿ ಚೆನ್ನಾಗಿದ್ದರೂ ವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಹೋಗತಕ್ಕದ್ದು.

ಎರಡನೆಯ ಚಿಕಿತ್ಸೆಯಲ್ಲಿ ವೈದ್ಯರು ಆ ಪೊರೆಯನ್ನು ನವುರಾದ ಚಿಮುಟದಿಂದ ಸುಲಿದು ತೆಗೆಯುತ್ತಾರೆ. ಪಟಲವು ತೀರ ಮುದುಡಿದ್ದರೆ ಅಂಚನ್ನು ಕತ್ತರಿಸುವುದೂ ಉಂಟು. ಅನಂತರ ಪಟಲವನ್ನು ಹರಡಿ, ಲೇಸರ್ ಕಿರಣದಿಂದ ಬೆಸೆದು, ಅದು ಅಲುಗದಂತೆ ಒಳಗೆ ಅನಿಲವನ್ನೋ ಸಿಲಿಕೋನ್ ಎಣ್ಣೆಯನ್ನೋ ತುಂಬುತ್ತಾರೆ. ಅನಿಲವು ತಾನಾಗಿ ಕರಗುತ್ತದೆ. ಅದರ ಜಾತಿಗೆ ತಕ್ಕಂತೆ ಎರಡು ವಾರಗಳಿಂದ ಎರಡು ತಿಂಗಳು ಹಿಡಿಯಬಹುದು. ಎಣ್ಣೆಯನ್ನು ಸಾಮಾನ್ಯವಾಗಿ ಕೆಲವು ತಿಂಗಳ ಬಳಿಕ ಮತ್ತೊಂದು ಶಸ್ತ್ರಚಿಕಿತ್ಸೆಯಿಂದ ತೆಗೆಯುತ್ತಾರೆ. ಹಿಂದಿನಷ್ಟು ಸ್ಪಷ್ಟ ದೃಷ್ಟಿ ಎಲ್ಲರಿಗೂ ಬಾರದು. ಆದರೆ ಓಡಾಡುವಷ್ಟು ದೃಷ್ಟಿ ಉಳಿದರೂ ಅದು ಸಣ್ಣ ಲಾಭವಲ್ಲ.

ತಾಳವಾಡಿ ಸೀಮೆಯವರಾದ ನಾವು ವಿಶೇಷವಾಗಿ ನೆನಪಿಡಬೇಕಾದ ಸಂಗತಿಯೊಂದಿದೆ. ಸಾವಿರ ಮೀಟರು ಮೇಲೇರಿದರೆ ಗಾಳಿಯ ಒತ್ತಡವು ಸುಮಾರು ಹತ್ತರಲ್ಲೊಂದು ಪಾಲು ಇಳಿಯುತ್ತದೆ. ಆಗ ಕಣ್ಣಿನೊಳಗಿನ ಅನಿಲವು ಹಿಗ್ಗಿ, ಕಣ್ಣಿನ ಒತ್ತಡವು ಅಪಾಯಕರವಾಗಿ ಏರಬಹುದು. ಆದಕಾರಣ ಕೊಯಮತ್ತೂರಿನಲ್ಲೋ ಸತ್ಯಮಂಗಲದ ಕಡೆಯಲ್ಲೋ ಅನಿಲ ತುಂಬಿಸಿಕೊಂಡವರು, ವೈದ್ಯರ ಅಪ್ಪಣೆಯಿಲ್ಲದೆ ದಿಂಬಂ ಘಟ್ಟದ 27 ತಿರುವುಗಳನ್ನು ಹತ್ತಲಾಗದು. ತಮ್ಮ ಊರು ಘಟ್ಟದ ಮೇಲಿದೆಯೆಂದು ಶಸ್ತ್ರಚಿಕಿತ್ಸೆಗೆ ಮೊದಲೇ ತಿಳಿಸಿ, ಬಯಲಿನಲ್ಲಿ ನಂಟರ ಮನೆಯಲ್ಲಿ ತಂಗುವ ಏರ್ಪಾಟು ಮಾಡಿಕೊಳ್ಳುವುದು ಜಾಣತನ. ವಿಮಾನ ಪ್ರಯಾಣವೂ ಆ ಕಾಲದಲ್ಲಿ ನಿಷಿದ್ಧ. ಎಣ್ಣೆ ಮಾತ್ರ ತುಂಬಿಸಿಕೊಂಡವರಿಗೆ ಈ ತೊಡಕಿಲ್ಲ. ಬೋರಲು ಮಲಗಿರೆಂದೋ ತಲೆ ಬಾಗಿಸಿರೆಂದೋ ವೈದ್ಯರು ವಿಧಿಸಿದರೆ, ಅದೂ ಚಿಕಿತ್ಸೆಯ ಅಂಗವೇ. ಮನೆಯ ಮಕ್ಕಳು ಜೊತೆಯಲ್ಲಿ ಕುಳಿತು ಪಾಠವನ್ನು ಗಟ್ಟಿಯಾಗಿ ಓದಿದರೆ ರೋಗಿಗೆ ಹೊತ್ತು ಹೋಗುವುದು, ಮಕ್ಕಳಿಗೆ ಪಾಠವೂ ಬರುವುದು.

ವಿದ್ಯಾರ್ಥಿಗಳೇ, ಚೆಂಡಿನ ಇಲ್ಲವೆ ಚಿಣ್ಣಿಕೋಲಿನ ಪೆಟ್ಟು ಕಣ್ಣಿಗೆ ಬಿದ್ದರೆ, ಬೈಗಳಿಗಂಜಿ ಮುಚ್ಚಿಡಬೇಡಿರಿ. ಒಂದೊಂದು ಕಣ್ಣನ್ನೇ ಮುಚ್ಚಿ ಕರಿಹಲಗೆಯನ್ನು ನೋಡಿರಿ. ಒಂದು ಕಣ್ಣಿಗೆ ಮಬ್ಬು ಕಂಡರೆ ಕೂಡಲೇ ನಮಗೆ ತಿಳಿಸಿರಿ. ಪೋಷಕರೇ, ಮತ್ತೆ ಕಳಚಿದ ಪಟಲವು ಹಣೆಬರಹವಲ್ಲ. ತೆರೆ ಇಳಿಯುವುದನ್ನು ಕಂಡ ದಿನವೇ ಆಸ್ಪತ್ರೆಯ ದಾರಿ ಹಿಡಿಯಿರಿ. ಎಲ್ಲರ ಕಣ್ಣುಗಳೂ ನೂರು ಕಾಲ ಬೆಳಗಲೆಂದು ಹಾರೈಸುತ್ತೇವೆ.